ಮರಳಿ ದೊರೆಯುವ ದಾಖಲೆ: ದತ್ತಸಂಚಯ ನಿರ್ವಾಹಕರ ಕೆಲಸವನ್ನು ತರಗತಿಗೆ ತರುವ ಬಗೆ

ಹೈಯರ್ ಸೆಕೆಂಡರಿ ಹಂತದಲ್ಲಿ ದತ್ತಸಂಚಯದ, ಅಂದರೆ ಡೇಟಾಬೇಸಿನ, ಅಧ್ಯಾಯವನ್ನು ಬೋಧಿಸುವಾಗ ಅದರ ನಿರ್ವಾಹಕರ ಕುರಿತು ಸಾಮಾನ್ಯವಾಗಿ ನಾಲ್ಕೈದು ವಾಕ್ಯಗಳನ್ನು ಹೇಳಿ ಮುಂದೆ ಸಾಗುತ್ತೇವೆ. ದತ್ತಾಂಶದ ಸುರಕ್ಷತೆ, ಬಳಕೆದಾರರಿಗೆ ಅನುಮತಿ, ಬ್ಯಾಕಪ್ ತೆಗೆಯುವುದು ಇವು ಅವರ ಕರ್ತವ್ಯಗಳೆಂದು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅಂಕಗಳೂ ದೊರೆಯುತ್ತವೆ. ಆದರೆ "ಟೀಚರ್, ಅವರು ಬೆಳಿಗ್ಗೆಯಿಂದ ಸಂಜೆಯ ತನಕ ಏನು ಮಾಡುತ್ತಾರೆ?" ಎಂಬ ಪ್ರಶ್ನೆಯೊಂದು ಹಿಂದಿನ ಬೆಂಚಿನಿಂದ ಬಂದರೆ ಆ ನಾಲ್ಕು ವಾಕ್ಯಗಳು ಸಾಲುವುದಿಲ್ಲ. ಆ ಪ್ರಶ್ನೆಗೆ ನೆರವಾಗುವುದು ಈ ಲೇಖನದ ಒಂದು ಉದ್ದೇಶ.

ಇನ್ನೊಂದು ಉದ್ದೇಶ ನಮಗೇ ಸಂಬಂಧಿಸಿದ್ದು. ಕೇರಳದಲ್ಲಿ ಸಂಪೂರ್ಣ, ತಮಿಳುನಾಡಿನಲ್ಲಿ ಎಮಿಸ್, ಮಹಾರಾಷ್ಟ್ರದಲ್ಲಿ ಸರಳ್, ದೇಶಕ್ಕೆಲ್ಲ ಯು-ಡೈಸ್ ಪ್ಲಸ್ ಹೀಗೆ ಮಕ್ಕಳ ವಿವರಗಳನ್ನು ತುಂಬುವ ಕೆಲಸ ಇಂದು ಅಧ್ಯಾಪಕರ ಕೈಯಲ್ಲಿದೆ. ಆ ದೊಡ್ಡ ದತ್ತಸಂಚಯಗಳ ನಿರ್ವಾಹಕರು ಎಲ್ಲೋ ರಾಜಧಾನಿಯಲ್ಲಿರುತ್ತಾರೆ. ಆದರೆ ನಮ್ಮ ಶಾಲೆಯ ಕಂಪ್ಯೂಟರಿನಲ್ಲಿರುವ ಪ್ರವೇಶ ಪುಸ್ತಕದ ಪ್ರತಿ, ವಿದ್ಯಾರ್ಥಿವೇತನದ ಪಟ್ಟಿ, ಅಂಕಗಳ ಕೋಷ್ಟಕ ಇವುಗಳಿಗೆ ನಿರ್ವಾಹಕರು ಯಾರು? ಹೆಸರಿಲ್ಲದಿದ್ದರೂ ಆ ಹುದ್ದೆ ನಮ್ಮಲ್ಲೊಬ್ಬರ ಹೆಗಲ ಮೇಲಿದೆ.

ಪ್ರವೇಶ ಪುಸ್ತಕದಿಂದ ಆರಂಭ

ಪಾಠವನ್ನು ಕಂಪ್ಯೂಟರಿನಿಂದ ತೊಡಗುವುದಕ್ಕಿಂತ ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿರುವ ಪ್ರವೇಶ ಪುಸ್ತಕದಿಂದ ತೊಡಗುವುದು ಮೇಲು. ಒಂದು ಸಾಲಿಗೆ ಒಂದು ಮಗು. ಒಂದು ಕಾಲಮಿಗೆ ಒಂದು ಬಗೆಯ ವಿವರ. ಮತ್ತೊಬ್ಬರಿಗೆ ಎಂದೂ ಕೊಡದ ಒಂದು ಪ್ರವೇಶ ಸಂಖ್ಯೆ. 1970ರಲ್ಲಿ ಐಬಿಎಂ ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್ ಅವರು ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯ ತಿರುಳನ್ನು ಮಕ್ಕಳಿಗೆ ತೋರಿಸಲು ಈ ಪುಸ್ತಕ ಸಾಕು. ಒಂದೇ ತರಗತಿಯಲ್ಲಿ ಮೂವರು ಫಾತಿಮಾಗಳು, ಇಬ್ಬರು ಶ್ರೀನಿಧಿಗಳು ಇರಬಹುದು. ಪ್ರವೇಶ ಸಂಖ್ಯೆ ಮಾತ್ರ ಒಬ್ಬರಿಗೊಂದೇ. ಪ್ರಧಾನ ಕೀಲಿ ಎಂದು ಪಠ್ಯ ಹೇಳುವುದು ಇದನ್ನೇ. ಹೆಸರಿನಿಂದ ಮಗುವನ್ನು ಗುರುತಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಪುಸ್ತಕದಲ್ಲಿ ಇನ್ನೊಂದು ಪಾಠವೂ ಇದೆ. ತಿದ್ದುಪಡಿಯಾದಲ್ಲಿ ಹಳೆಯ ಬರಹವನ್ನು ಅಳಿಸದೆ, ಒಂದು ಗೆರೆ ಎಳೆದು, ಮೇಲೆ ಹೊಸದನ್ನು ಬರೆದು, ಕೆಂಪು ಶಾಯಿಯಲ್ಲಿ ಸಹಿ ಮತ್ತು ತಾರೀಕು ಹಾಕಿರುತ್ತಾರೆ. ಯಾರು, ಯಾವಾಗ, ಯಾವುದನ್ನು ಬದಲಿಸಿದರು ಎಂಬುದು ತಲೆಮಾರು ಕಳೆದರೂ ತಿಳಿಯುತ್ತದೆ. ಕಂಪ್ಯೂಟರಿನ ಕಾಲಮ್ ಹಾಗಲ್ಲ. ಹೊಸದು ಬಂದರೆ ಹಳೆಯದು ಗುರುತೂ ಉಳಿಯದಂತೆ ಹೋಗುತ್ತದೆ. ನಿರ್ವಾಹಕರ ಕೆಲಸದ ಬಹುಭಾಗ ಈ ಕೊರತೆಯನ್ನು ತುಂಬುವುದೇ ಆಗಿದೆ.

ಗಿಟ್‌ಲ್ಯಾಬ್‌ನಲ್ಲಿ ನಡೆದದ್ದು

ಬ್ಯಾಕಪ್ ಏಕೆ ಬೇಕು ಎಂಬುದನ್ನು ವಿವರಿಸಿದರೆ ಮಕ್ಕಳು ತಲೆಯಾಡಿಸುತ್ತಾರೆ. ಬ್ಯಾಕಪ್ ಇದ್ದರೂ ಸಾಲದು ಎಂಬುದನ್ನು ಮನಗಾಣಿಸಲು ಒಂದು ನಿಜ ಘಟನೆ ಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದುದನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ವರದಿಯಾಗಿ ಪ್ರಕಟಿಸಿದೆ. ಇಂತಹ ವರದಿಗಳು ವಿರಳ. ತರಗತಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ದೊರೆತಿಲ್ಲ.

ಗಿಟ್‌ಲ್ಯಾಬ್ ತಂತ್ರಾಂಶ ಬರೆಯುವವರಿಗೆ ತಮ್ಮ ಬರಹಗಳನ್ನು ಇಡಲು ಸ್ಥಳ ಕೊಡುವ ಸಂಸ್ಥೆ. ಅದರ ದತ್ತಸಂಚಯವು ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಮುಕ್ತ ತಂತ್ರಾಂಶದಲ್ಲಿತ್ತು. ಮುಖ್ಯ ಸರ್ವರ್ ಒಂದು. ಅಲ್ಲಿ ಬರೆದುದನ್ನೆಲ್ಲ ಬೆನ್ನುಬೆನ್ನಿಗೇ ನಕಲು ಮಾಡಿಕೊಳ್ಳುವ ಎರಡನೆಯ ಸರ್ವರ್ ಇನ್ನೊಂದು. ಅಂದು ಸಂಜೆ ಸರ್ವರುಗಳ ಮೇಲೆ ಅತಿಯಾದ ಹೊರೆ ಬಿದ್ದು ಎರಡನೆಯದು ಹಿಂದೆ ಬಿತ್ತು. ಅದನ್ನು ಸರಿಪಡಿಸಲು ಅಭಿಯಂತರರೊಬ್ಬರು ಎರಡನೆಯ ಸರ್ವರಿನ ದತ್ತಾಂಶವನ್ನು ಅಳಿಸಿ ಹೊಸದಾಗಿ ನಕಲು ತೆಗೆಯಲು ನಿರ್ಧರಿಸಿದರು. ಕೆಲಸ ರಾತ್ರಿಗೆ ಎಳೆದಿತ್ತು. ಪರದೆಯಲ್ಲಿ ಎರಡೂ ಸರ್ವರುಗಳ ಕಿಟಕಿಗಳು ತೆರೆದಿದ್ದವು. ಅಳಿಸುವ ಆದೇಶವನ್ನು ಅವರು ಕೊಟ್ಟದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡುಗಳಲ್ಲೇ ತಪ್ಪು ಹೊಳೆದು ತಡೆದರು. ಅಷ್ಟರೊಳಗೆ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿ "ಈಗ ಏನು ಮಾಡಬೇಕು?" ಎಂದು ಕೇಳಬೇಕು. "ಬ್ಯಾಕಪ್‌ನಿಂದ ತೆಗೆಯಬೇಕು" ಎಂದು ಇಡೀ ತರಗತಿ ಹೇಳುತ್ತದೆ. ಅಲ್ಲಿಯವರೂ ಹಾಗೆಯೇ ಯೋಚಿಸಿದರು. ದಿನಕ್ಕೊಮ್ಮೆ ತಾನಾಗಿಯೇ ಬ್ಯಾಕಪ್ ತೆಗೆದು ದೂರದ ಸಂಗ್ರಹಕ್ಕೆ ಕಳುಹಿಸುವ ಏರ್ಪಾಡು ಇತ್ತು. ತೆರೆದು ನೋಡಿದರೆ ಸಂಗ್ರಹ ಬರಿದಾಗಿತ್ತು. ದತ್ತಸಂಚಯವು ಪೋಸ್ಟ್‌ಗ್ರೆಸ್‌ಕ್ಯುಎಲ್‌ನ 9.6ನೇ ಆವೃತ್ತಿಯಲ್ಲಿದ್ದರೆ ಬ್ಯಾಕಪ್ ತೆಗೆಯುವ ಉಪಕರಣ 9.2ನೇ ಆವೃತ್ತಿಯದಾಗಿತ್ತು, ಪ್ರತಿದಿನವೂ ಅದು ವಿಫಲವಾಗುತ್ತಲೇ ಇತ್ತು. ವಿಫಲವಾದರೆ ಇಮೇಲ್ ಬರುವಂತೆ ಮಾಡಿದ್ದರು. ಆ ಇಮೇಲುಗಳಿಗೆ ಅಗತ್ಯ ದೃಢೀಕರಣವಿಲ್ಲದ ಕಾರಣ ಅವು ಸ್ವೀಕೃತವಾಗದೆ ಹೋಗುತ್ತಿದ್ದವು. ಕ್ಲೌಡ್ ಸೇವೆಯ ಡಿಸ್ಕ್ ನಕಲು ಬೇರೆ ಸರ್ವರುಗಳಿಗೆ ಇತ್ತು, ದತ್ತಸಂಚಯದ ಸರ್ವರುಗಳಿಗೆ ಇರಲಿಲ್ಲ. ಕೊನೆಗೆ ಉಳಿಸಿದ್ದು ಒಂದು ಆಕಸ್ಮಿಕ. ಅದೇ ಅಭಿಯಂತರರು ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಪರೀಕ್ಷೆಗಾಗಿ ಕೈಯಾರೆ ಒಂದು ನಕಲು ತೆಗೆದಿದ್ದರು. ಅದನ್ನು ನಿಧಾನದ ಡಿಸ್ಕುಗಳಿಂದ ಮರಳಿ ತರಲು ಸುಮಾರು 18 ಗಂಟೆಗಳು ಹಿಡಿದವು. ನಡುವಿನ ಆರು ಗಂಟೆಗಳಲ್ಲಿ ಬರೆದದ್ದು ಹೋಯಿತು. ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು ಮತ್ತು 700 ಹೊಸ ಖಾತೆಗಳಿಗೆ ಹಾನಿ ತಟ್ಟಿತೆಂದು ಸಂಸ್ಥೆ ಅಂದಾಜು ಮಾಡಿತು.

ಈ ಘಟನೆಯನ್ನು ಕೇಳಿದ ಮಕ್ಕಳು ಮೊದಲು ಕೇಳುವುದು "ಆ ವ್ಯಕ್ತಿಯನ್ನು ಕೆಲಸದಿಂದ ತೆಗೆದರಾ?" ಎಂದು. ವರದಿಯಲ್ಲಿ ಅವರ ಹೆಸರೇ ಇಲ್ಲ, ತಂಡದ ಸದಸ್ಯ ಎಂದಷ್ಟೇ ಇದೆ. ಬೆಟ್ಟು ಮಾಡಿರುವುದು ವ್ಯವಸ್ಥೆಯ ಕಡೆಗೆ: ಬ್ಯಾಕಪ್ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಹೊಣೆ ಯಾರಿಗೂ ನಿಗದಿಯಾಗಿರಲಿಲ್ಲ. ದಣಿದ ಮನುಷ್ಯ ತಪ್ಪು ಕಿಟಕಿಯಲ್ಲಿ ಬೆರಳಿಡುವುದು ಎಂದಾದರೊಮ್ಮೆ ಆಗಿಯೇ ಆಗುತ್ತದೆ. ಆಗ ಮರಳಿ ಪಡೆಯುವ ದಾರಿಯನ್ನು ಮೊದಲೇ ನಡೆದು ನೋಡಿರುವುದು ನಿರ್ವಾಹಕರ ಮುಖ್ಯ ಕೌಶಲ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಹೇಳಲಾಗದು. ಈ ಒಂದು ವಿಚಾರ ಮಕ್ಕಳಲ್ಲಿ ಉಳಿದರೆ ಅಧ್ಯಾಯದ ಉಳಿದ ಭಾಗ ತುಸು ಮರೆತರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ತರಗತಿಯಲ್ಲಿ ಮರುಸ್ಥಾಪನೆ

ಇದನ್ನು ಮಾಡಿಸಲು ದುಬಾರಿ ಸರ್ವರ್ ಬೇಡ. ಎಸ್‌ಕ್ಯುಎಲೈಟ್ ಎಂಬ ದತ್ತಸಂಚಯ ತಂತ್ರಾಂಶದಲ್ಲಿ ಇಡೀ ದತ್ತಸಂಚಯ ಒಂದೇ ಕಡತದಲ್ಲಿರುತ್ತದೆ. ಅದು ಯಾರ ಹಕ್ಕಿಗೂ ಒಳಪಡದ ಸಾರ್ವಜನಿಕ ಸ್ವತ್ತು. ಆಂಡ್ರಾಯ್ಡ್ ಫೋನುಗಳ ಒಳಗೂ ಅದೇ ಕೆಲಸ ಮಾಡುತ್ತಿದೆ ಎಂದರೆ ಮಕ್ಕಳಿಗೆ ಆಸಕ್ತಿ ಹುಟ್ಟುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಬಳಸಲು ಡಿಬಿ ಬ್ರೌಸರ್ ಎಂಬ ಉಚಿತ ತಂತ್ರಾಂಶವಿದ್ದು ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ.

ಮಕ್ಕಳನ್ನು ನಾಲ್ವರ ಗುಂಪುಗಳಾಗಿಸಿ, ಪ್ರತಿ ಗುಂಪೂ ಮೂವತ್ತು ಕಲ್ಪಿತ ವಿದ್ಯಾರ್ಥಿಗಳ ಕೋಷ್ಟಕವೊಂದನ್ನು ರಚಿಸಲಿ. ನಿಜವಾದ ಸಹಪಾಠಿಗಳ ವಿವರ ಬೇಡ. ಅದೇಕೆಂಬುದು ಕೊನೆಯಲ್ಲಿ ಬರುತ್ತದೆ. ಕೋಷ್ಟಕದ ಬ್ಯಾಕಪ್ ತೆಗೆದು ಬೇರೆ ಕಂಪ್ಯೂಟರಿನಲ್ಲಿಡಲಿ. ಕೆಲಸ ನಡೆಯುತ್ತಿರುವಾಗಲೇ ಕಡತವನ್ನು ಸುಮ್ಮನೆ ನಕಲಿಸಿದರೆ ಅರ್ಧ ಬರೆದ ಸ್ಥಿತಿಯ ಕೆಟ್ಟ ಪ್ರತಿ ಸಿಗಬಹುದು. ತಂತ್ರಾಂಶವನ್ನು ಮುಚ್ಚಿ ನಕಲಿಸಬೇಕು ಅಥವಾ ಎಸ್‌ಕ್ಯುಎಲೈಟ್‌ನಲ್ಲಿರುವ ಬ್ಯಾಕಪ್ ಆದೇಶವನ್ನೇ ಬಳಸಬೇಕು. ನಂತರ ಇನ್ನೂ ಐದು ಹೆಸರುಗಳನ್ನು ಸೇರಿಸಲು ಹೇಳಿ. ಮಧ್ಯಂತರದ ಬೆಲ್ ಹೊಡೆದು ಮಕ್ಕಳು ಹೊರಹೋದಾಗ ಅಧ್ಯಾಪಕರು ಒಂದೆರಡು ಗುಂಪುಗಳ ಮೂಲ ಕಡತವನ್ನು ಅಳಿಸಿಬಿಡಲಿ. ಮರಳಿ ಬಂದ ಗುಂಪು ದೂರು ಹೇಳುವ ಬದಲು ಮೂರು ಸಂಖ್ಯೆಗಳನ್ನು ಬರೆದು ಕೊಡಬೇಕು: ಎಷ್ಟು ಸಾಲುಗಳು ಮರಳಿ ಬಂದವು, ಎಷ್ಟು ಹೋದವು, ಮರಳಿ ಪಡೆಯಲು ಎಷ್ಟು ನಿಮಿಷ ಬೇಕಾಯಿತು.

ಮುಂದೆ ಈ ವೃತ್ತಿಗೆ ಹೋಗುವ ಮಗು ಇದೇ ಸಂಖ್ಯೆಗಳನ್ನು ದೊಡ್ಡ ಹೆಸರುಗಳಲ್ಲಿ ಕೇಳುತ್ತದೆ. ಎಷ್ಟು ಹೊತ್ತಿನ ಕೆಲಸ ನಷ್ಟವಾದರೂ ಸಹಿಸಬಹುದು, ಎಷ್ಟು ಹೊತ್ತು ಸೇವೆ ನಿಂತರೂ ಸಹಿಸಬಹುದು ಎಂಬ ಎರಡು ಗುರಿಗಳನ್ನು ಬ್ಯಾಂಕು, ಆಸ್ಪತ್ರೆ, ರೈಲ್ವೆ ಯಾವುದೇ ಇರಲಿ ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಗಿಟ್‌ಲ್ಯಾಬ್‌ಗೆ ಅಂದು ದೊರೆತ ಉತ್ತರ ಸುಮಾರು ಆರು ಗಂಟೆ ಮತ್ತು ಹದಿನೆಂಟು ಗಂಟೆ. ನಮ್ಮ ಶಾಲೆಯ ಅಂಕಪಟ್ಟಿಗೆ ಉತ್ತರವೇನು ಎಂದು ಮಕ್ಕಳೇ ಚರ್ಚಿಸಲಿ. ಫೆಬ್ರವರಿಯಲ್ಲಿ ಒಂದು ಉತ್ತರ, ಜೂನಿನಲ್ಲಿ ಇನ್ನೊಂದು ಬರುವುದನ್ನು ಅವರೇ ಕಂಡುಕೊಳ್ಳುತ್ತಾರೆ.

ಬ್ಯಾಕಪ್ ಎಲ್ಲಿಡಬೇಕು ಎಂಬ ವಿಚಾರದಲ್ಲಿ ವೃತ್ತಿನಿರತರು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ ಎಂಬ ಲೆಕ್ಕ ಹೇಳುತ್ತಾರೆ. ಕರಾವಳಿಯಲ್ಲಿ ತುಲಾ ಮಾಸದ ಗುಡುಗು ಮಿಂಚುಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇರುವ ಹೊರಗಿನ ಡಿಸ್ಕು ಸಿಡಿಲಿಗೆ ಕಂಪ್ಯೂಟರಿನ ಜೊತೆಗೇ ಸುಟ್ಟುಹೋಗುತ್ತದೆ.

ಹಿಂತೆಗೆಯಬಲ್ಲ ತಪ್ಪು

ಪಠ್ಯದಲ್ಲಿ ಅಪ್‌ಡೇಟ್ ಆದೇಶವನ್ನು ಕಲಿಸುವಾಗ ವೇರ್ ಎಂಬ ಷರತ್ತನ್ನು ಮರೆತರೆ ಕೋಷ್ಟಕದ ಎಲ್ಲ ಸಾಲುಗಳೂ ಬದಲಾಗುತ್ತವೆ ಎಂದು ಹೇಳುತ್ತೇವೆ. ಹೇಳಿ ಬಿಡುವುದಕ್ಕಿಂತ ಮಾಡಿ ತೋರಿಸಬೇಕು. ಒಬ್ಬ ವಿದ್ಯಾರ್ಥಿನಿಯ ಊರನ್ನು ಮಂಜೇಶ್ವರ ಎಂದು ಬದಲಿಸಲು ಹೋಗಿ ಮೂವತ್ತು ಮಂದಿಯೂ ಮಂಜೇಶ್ವರದವರಾದಾಗ ತರಗತಿ ನಗುತ್ತದೆ. ಆ ನಗೆಯ ನಡುವೆ ರೋಲ್‌ಬ್ಯಾಕ್ ಕಲಿಸಬಹುದು. ನಿರ್ವಾಹಕರ ರೂಢಿ ಹೀಗಿದೆ. ಮೊದಲು ಅದೇ ಷರತ್ತಿನೊಂದಿಗೆ ಸೆಲೆಕ್ಟ್ ಆದೇಶ ಕೊಟ್ಟು ಎಷ್ಟು ಸಾಲುಗಳು ಬರುತ್ತವೆ ಎಂದು ನೋಡುವುದು, ಬಿಗಿನ್ ಎಂದು ವ್ಯವಹಾರ ತೆರೆಯುವುದು, ಬದಲಾವಣೆ ಮಾಡುವುದು, ಬದಲಾದ ಸಾಲುಗಳ ಸಂಖ್ಯೆ ಮೊದಲು ಕಂಡ ಸಂಖ್ಯೆಗೆ ಸಮನಾಗಿದ್ದರೆ ಮಾತ್ರ ಕಮಿಟ್, ಇಲ್ಲವಾದರೆ ರೋಲ್‌ಬ್ಯಾಕ್. ಡಿಬಿ ಬ್ರೌಸರಿನಲ್ಲಿ ಬದಲಾವಣೆಗಳನ್ನು ಬರೆಯುವ ಮತ್ತು ಹಿಂತೆಗೆಯುವ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದು ಇದನ್ನು ಚೆನ್ನಾಗಿ ತೋರಿಸುತ್ತವೆ. ಮೈಎಸ್‌ಕ್ಯುಎಲ್‌ನಲ್ಲಿ ಷರತ್ತಿಲ್ಲದ ಅಪ್‌ಡೇಟನ್ನು ನಿರಾಕರಿಸುವ ಸುರಕ್ಷಿತ ವಿಧಾನವೊಂದಿದೆ. ಅದನ್ನು ತಯಾರಿಸಿದವರು ಅದಕ್ಕೆ 'ಐ ಆಮ್ ಎ ಡಮ್ಮಿ', ನಾನೊಬ್ಬ ಪೆದ್ದ, ಎಂಬ ಅಡ್ಡಹೆಸರನ್ನೂ ಕೊಟ್ಟಿದ್ದಾರೆ. ನುರಿತವರೂ ಅದನ್ನು ನಾಚಿಕೆಯಿಲ್ಲದೆ ಬಳಸುತ್ತಾರೆ.

ಹುಡುಕಾಟದ ವೇಗ, ಇಂಡೆಕ್ಸ್, ಎಕ್ಸ್‌ಪ್ಲೇನ್ ಆದೇಶ ಇವೂ ನಿರ್ವಾಹಕರ ದಿನಚರಿಯಲ್ಲಿ ದೊಡ್ಡ ಪಾಲು ಪಡೆಯುತ್ತವೆ. ಆದರೆ ಮೂವತ್ತು ಸಾಲುಗಳ ಕೋಷ್ಟಕದಲ್ಲಿ ಅದರ ವ್ಯತ್ಯಾಸ ಕಾಣದು. ಶಬ್ದಕೋಶದಲ್ಲಿ ಪದ ಹುಡುಕುವುದಕ್ಕೂ ಕಾದಂಬರಿಯಲ್ಲಿ ಒಂದು ವಾಕ್ಯ ಹುಡುಕುವುದಕ್ಕೂ ಇರುವ ಅಂತರವನ್ನು ಹೇಳಿ ಮುಂದೆ ಹೋಗಬಹುದು.

ಕನ್ನಡದ ಹೆಸರು ಕಂಪ್ಯೂಟರಿನಲ್ಲಿ

ಇದು ಯಾವ ಪಠ್ಯದಲ್ಲೂ ಸಾಕಷ್ಟು ಬಾರದ, ಆದರೆ ನಮಗೆ ಎಲ್ಲಕ್ಕಿಂತ ಹತ್ತಿರದ ಭಾಗ. ನನಗೆ ಪರಿಚಯವಿರುವ ಶಾಲೆಯೊಂದರಲ್ಲಿ ವರ್ಷಗಟ್ಟಲೆಯ ಪ್ರವೇಶ ವಿವರಗಳನ್ನು ಶ್ರದ್ಧೆಯಿಂದ ಕನ್ನಡದಲ್ಲಿ ಟೈಪು ಮಾಡಿಟ್ಟಿದ್ದರು. ಕಂಪ್ಯೂಟರ್ ಬದಲಾದ ದಿನ ಕಡತ ತೆರೆದರೆ ಮಕ್ಕಳ ಹೆಸರುಗಳಿದ್ದಲ್ಲಿ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು. ಕಡತ ಕೆಟ್ಟಿರಲಿಲ್ಲ. ಅದು ಯುನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟಿನಲ್ಲಿದ್ದು, ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಪರಿವರ್ತಕ ತಂತ್ರಾಂಶದಿಂದ ಅದನ್ನು ಸರಿಪಡಿಸಬಹುದಾಗಿತ್ತು. ಆದರೆ ಗಾಬರಿಯಲ್ಲಿ ಯಾರೋ ಆ ಕಡತವನ್ನು ಅಳಿಸಿದರು. ಕಪಾಟಿನಲ್ಲಿದ್ದ ಕಾಗದದ ಪುಸ್ತಕವೊಂದೇ ಉಳಿಯಿತು. ಎಲ್ಲವನ್ನೂ ಮತ್ತೆ ಟೈಪು ಮಾಡಿದರು.

ಆದ್ದರಿಂದ ಪರದೆಯಲ್ಲಿ ಕನ್ನಡ ಕೆಟ್ಟು ಕಂಡಾಗ ಮೊದಲು ಏನನ್ನೂ ಉಳಿಸದೆ, ಅಳಿಸದೆ, ಲಕ್ಷಣವನ್ನು ನೋಡಬೇಕು. ಅಕ್ಷರಗಳಿದ್ದಲ್ಲಿ ಖಾಲಿ ಚೌಕಗಳು ಕಂಡರೆ ದತ್ತಾಂಶ ಕ್ಷೇಮವಾಗಿದೆ, ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ತಲೆಯ ಮೇಲೆ ಗೆರೆಯುಳ್ಳ ರೋಮನ್ ಎ ಅಕ್ಷರ ಮತ್ತೆ ಮತ್ತೆ ಬಂದು, ಒಂದು ಕನ್ನಡ ಚಿಹ್ನೆಯ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆಗಳು ಕಂಡರೂ ದತ್ತಾಂಶ ಕ್ಷೇಮವಾಗಿದೆ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಬರೆದುದನ್ನು ಬೇರೆ ಪದ್ಧತಿಯಲ್ಲಿ ಓದಲಾಗುತ್ತಿದೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಹೀಗಾಗುವುದುಂಟು. ಮುಚ್ಚಿ, ಆಮದು ಮಾಡುವ ವಿಧಾನದಲ್ಲಿ ಯುಟಿಎಫ್-8 ಆರಿಸಿಕೊಂಡರೆ ಸರಿಹೋಗುತ್ತದೆ. ಆದರೆ ಹೆಸರಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕಂಡರೆ ಅದು ಬೇರೆ ಮಾತು. ಕನ್ನಡವನ್ನು ಹಿಡಿಸಲಾಗದ ಕಾಲಮಿನಲ್ಲಿ ಬರೆದಾಗ ಕಂಪ್ಯೂಟರ್ ಅಕ್ಷರಗಳನ್ನು ಕೈಬಿಟ್ಟು ಪ್ರಶ್ನೆಗಳನ್ನು ಇಟ್ಟಿರುತ್ತದೆ. ಅಲ್ಲಿ ಮರಳಿ ಪಡೆಯಲು ಏನೂ ಉಳಿದಿಲ್ಲ. ಬ್ಯಾಕಪ್ ಇಲ್ಲವೇ ಕಾಗದದ ಪುಸ್ತಕವೇ ಗತಿ.

ಎಕ್ಸೆಲ್‌ನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಅಂಕೆಗಳಂತೆ ಕಾಣುವುದನ್ನೆಲ್ಲ ಅದು ಲೆಕ್ಕದ ಸಂಖ್ಯೆ ಎಂದೇ ಭಾವಿಸುತ್ತದೆ. ಮೊದಲ ಸೊನ್ನೆ ಬಿದ್ದುಹೋಗುತ್ತದೆ. 15 ಅಂಕೆಗಳಿಗಿಂತ ಉದ್ದವಾದ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕೆಗಳು ಸೊನ್ನೆಯಾಗುತ್ತವೆ. ಹಾಗಾದ ಪಟ್ಟಿಯನ್ನು ಕಳುಹಿಸಿದರೆ ಒಂದು ಮಗುವಿನ ವಿದ್ಯಾರ್ಥಿವೇತನ ಇಲ್ಲದ ಖಾತೆಗೆ ಹೋಗಿ ಮರಳುತ್ತದೆ. ಖಾತೆ ಸಂಖ್ಯೆ, ಪ್ರವೇಶ ಸಂಖ್ಯೆ, ಫೋನ್ ಸಂಖ್ಯೆ ಇವುಗಳ ಕಾಲಮನ್ನು ತುಂಬುವ ಮೊದಲೇ ಪಠ್ಯ ಎಂದು ನಿಗದಿಪಡಿಸಬೇಕು.

ಇನ್ನು ಕಂಪ್ಯೂಟರ್ ಕನ್ನಡವನ್ನು ಎಣಿಸುವ ಬಗೆ. ಕಪ್ಪುಹಲಗೆಯ ಮೇಲೆ 'ಕಾಸರಗೋಡು' ಎಂದು ಬರೆದು ಎಷ್ಟು ಅಕ್ಷರ ಎಂದು ಕೇಳಿ. ಮಕ್ಕಳು ಐದು ಎನ್ನುತ್ತಾರೆ. ಛಂದಸ್ಸಿನ ಪಾಠದಲ್ಲಿ ನಾವೇ ಹಾಗೆ ಕಲಿಸಿದ್ದೇವೆ. ಯುನಿಕೋಡಿನ ಲೆಕ್ಕದಲ್ಲಿ ವ್ಯಂಜನವೂ ಸ್ವರಚಿಹ್ನೆಯೂ ಬೇರೆ ಬೇರೆಯಾಗಿ ಎಂಟು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ ಸಂಗ್ರಹದಲ್ಲಿ 24 ಬೈಟ್. ಒರಾಕಲ್‌ನಂತಹ ದತ್ತಸಂಚಯದಲ್ಲಿ ಬೇರೆ ಸೂಚನೆ ಕೊಡದಿದ್ದರೆ ಕಾಲಮಿನ ಅಳತೆ ಬೈಟಿನಲ್ಲಿರುತ್ತದೆ. ಇಂಗ್ಲಿಷ್ ಹೆಸರಿಗೆ 20 ಧಾರಾಳ ಎಂದು ಯಾರೋ ನಿಶ್ಚಯಿಸಿದ ಕಾಲಮಿಗೆ ನಮ್ಮ ಊರಿನ ಹೆಸರೇ ಹಿಡಿಸುವುದಿಲ್ಲ.

ಗೋ ಎಂಬ ಅಕ್ಷರದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅದರ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಇಡಬಹುದು. ಆಗ ಅದೇ ಪದ ಹತ್ತು ಚಿಹ್ನೆಗಳಾಗುತ್ತದೆ. ಕಣ್ಣಿಗೆ ಎರಡೂ ಒಂದೇ, ಯುನಿಕೋಡಿನ ನಿಯಮದ ಪ್ರಕಾರವೂ ಸಮಾನ. ಆದರೆ ಸುಮ್ಮನೆ ಹೋಲಿಸುವ ಕಂಪ್ಯೂಟರಿಗೆ ಅವು ಎರಡು ಪದಗಳು. ಹಾಗೆಯೇ 'ಸುರೇಶ್' ಎಂಬ ಹೆಸರಿನ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದರೂ ಅಚ್ಚಿನಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಕಣ್ಣೆದುರಿಗೇ ಇರುವ ಮಗುವನ್ನು ಹುಡುಕಿದರೆ 'ದಾಖಲೆ ಇಲ್ಲ' ಎಂಬ ಉತ್ತರ ಬರುವುದಕ್ಕೆ ಕಾರಣ ಹಲವು ಸಲ ಇದೇ. ಬಲ್ಲ ನಿರ್ವಾಹಕರು ಹೆಸರುಗಳನ್ನು ಒಳಗೆ ಬಿಡುವ ಬಾಗಿಲಲ್ಲೇ ಏಕರೂಪಕ್ಕೆ ತರುತ್ತಾರೆ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ 13ನೇ ಆವೃತ್ತಿಯಿಂದ ಇದಕ್ಕೆ ನಾರ್ಮಲೈಸ್ ಎಂಬ ಆದೇಶವೇ ಇದೆ.

ಅಕಾರಾದಿಯೂ ಹೀಗೆಯೇ. ಸಂಕೇತಗಳ ಕ್ರಮದಲ್ಲಿ ಳಕಾರವು ಲಕಾರದ ಪಕ್ಕದಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಸಂಕೇತದ ಕ್ರಮದಲ್ಲಷ್ಟೇ ಜೋಡಿಸುವ ದತ್ತಸಂಚಯ ಕಾಳಿದಾಸನನ್ನು ಕಾವೇರಿಗಿಂತ ಮೊದಲು ಕರೆಯುತ್ತದೆ. ಕನ್ನಡದ ಕ್ರಮವನ್ನು ಆರಿಸಿಕೊಳ್ಳುವ ಅವಕಾಶ ಒಳ್ಳೆಯ ದತ್ತಸಂಚಯಗಳಲ್ಲಿದೆ, ಕೇಳುವವರು ಬೇಕು. ಈ ಭಾಗವನ್ನು ಭಾಷಾ ಅಧ್ಯಾಪಕರೂ ಕಂಪ್ಯೂಟರ್ ಅಧ್ಯಾಪಕರೂ ಜೊತೆಯಾಗಿ ಬೋಧಿಸಿದರೆ ಸೊಗಸು.

ಗಡಿನಾಡಿನ ಶಾಲೆಗೆ ಇದರ ಮೇಲೆ ಇನ್ನೊಂದು ಹೊರೆ. ನಮ್ಮ ಮಗುವಿನ ಹೆಸರು ಮೂರು ಲಿಪಿಗಳಲ್ಲಿ ಬದುಕುತ್ತದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅಲ್ಲಿಂದ ಯಂತ್ರದ ಮೂಲಕ ಕನ್ನಡಕ್ಕೆ ತಂದರೆ ತಾಳವಾಡಿಯ ಗೋಪಾಲ ಕೋಪಾಲನಾಗಿ ಬರಬಹುದು. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಪ್ರತ್ಯೇಕವಾಗಿಲ್ಲ. ತಮಿಳುನಾಡಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಂಧ್ರದಲ್ಲಿ ಮನೆತನದ ಹೆಸರು ಮೊದಲು, ಮಹಾರಾಷ್ಟ್ರದಲ್ಲಿ ತಂದೆಯ ಹೆಸರು ನಡುವೆ. ಇವನ್ನೆಲ್ಲ ಒಂದೇ ಕಾಲಮಿನಲ್ಲಿ ತುರುಕಿದರೆ ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ಕನ್ನಡ ಮಾಧ್ಯಮದ ದೃಢೀಕರಣಪತ್ರದಲ್ಲಿ ಮತ್ತೊಂದು. ಅದನ್ನು ಸರಿಪಡಿಸಲು ತಂದೆತಾಯಿ ಒಂದು ದಿನದ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಶಾಲೆಯ ಕೋಷ್ಟಕದಲ್ಲಿ ಕನ್ನಡದ ಹೆಸರಿಗೊಂದು, ರಾಜ್ಯಭಾಷೆಯ ಹೆಸರಿಗೊಂದು, ಇಂಗ್ಲಿಷ್ ಹೆಸರಿಗೊಂದು ಕಾಲಮ್ ಇರಲಿ. ಮೂರನ್ನೂ ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟು ಮನುಷ್ಯರೇ ತುಂಬಲಿ. ಒಂದರಿಂದ ಇನ್ನೊಂದನ್ನು ಯಂತ್ರ ತಯಾರಿಸುವುದು ಬೇಡ. ಮೂರನ್ನೂ ಜೋಡಿಸುವ ದಾರ ಪ್ರವೇಶ ಸಂಖ್ಯೆ.

ಯಾರಿಗೆ ಎಷ್ಟು ಅನುಮತಿ

ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಎಂಬುದು ನಿರ್ವಾಹಕರ ಹಳೆಯ ನಿಯಮ. ಅಂಕ ನೋಡುವವರಿಗೆ ಸೆಲೆಕ್ಟ್ ಸಾಕು. ತುಂಬುವವರಿಗೆ ತಮ್ಮ ತರಗತಿಯದಷ್ಟೇ ಸಾಕು. ಗ್ರಾಂಟ್, ರಿವೋಕ್ ಆದೇಶಗಳನ್ನು ಮೈಎಸ್‌ಕ್ಯುಎಲ್‌ನಲ್ಲಿ ತೋರಿಸಬಹುದು. ಎಸ್‌ಕ್ಯುಎಲೈಟ್‌ನಲ್ಲಿ ಬಳಕೆದಾರರ ಅನುಮತಿಯ ಏರ್ಪಾಡಿಲ್ಲ. ಆದರೆ ಇದನ್ನು ಬೋಧಿಸುವ ದಿನ ಸ್ಟಾಫ್ ರೂಮಿನ ಗೋಡೆಯ ಮೇಲೆ ಅಂಟಿಸಿದ ಪಾಸ್‌ವರ್ಡಿನ ಚೀಟಿಯನ್ನು ತೆಗೆದಿಡುವುದು ಒಳಿತು. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸಿದರೆ ಆಗುವ ದೊಡ್ಡ ನಷ್ಟ ಪ್ರವೇಶ ಪುಸ್ತಕದ ಆ ಕೆಂಪು ಸಹಿಯದು. ಬದಲಿಸಿದವರು ಯಾರೆಂದು ಹೇಳಲು ಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆ ನೀಡಿದೆ. ನಿಜವಾದ ಸಹಪಾಠಿಗಳ ವಿವರಗಳನ್ನು ಅಭ್ಯಾಸಕ್ಕೆ ಬಳಸಬಾರದೆಂದು ಹೇಳಿದ್ದು ಇದಕ್ಕಾಗಿ. ಪೂರ್ಣ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವೂ ಇದೇ ಕಾರಣದಿಂದ ನಿಲ್ಲಬೇಕು.

ಮುಂದೆ ಕಲಿಯುವವರಿಗೆ

ಈ ವೃತ್ತಿಯತ್ತ ಒಲವು ತೋರಿದ ಮಗುವಿಗೆ ಹಣ ಕೊಟ್ಟು ಸೇರುವ ಕೋರ್ಸನ್ನು ಮೊದಲೇ ಸೂಚಿಸಬೇಕಾಗಿಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್, ಮರಿಯಾಡಿಬಿ, ಎಸ್‌ಕ್ಯುಎಲೈಟ್ ಮೂರೂ ಉಚಿತ. ಮೂರರ ಅಧಿಕೃತ ಕೈಪಿಡಿಗಳೂ ಉಚಿತ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನ ಕೈಪಿಡಿಯ ಆರಂಭದಲ್ಲಿ ಹೊಸಬರಿಗಾಗಿಯೇ ಒಂದು ಪಾಠಮಾಲೆಯಿದೆ. ಇಂಗ್ಲಿಷ್ ಓದು ಕಷ್ಟವೆನಿಸುವ ಕನ್ನಡ ಮಾಧ್ಯಮದ ಮಗು ಅದರ ಒಂದು ಪುಟವನ್ನು ಅಧ್ಯಾಪಕರ ಜೊತೆ ಕೂತು ಓದಿ, ಕೊಟ್ಟ ಆದೇಶವನ್ನು ಮಾಡಿ ನೋಡಿ, ಆದುದನ್ನು ಕನ್ನಡದಲ್ಲಿ ನೋಟ್ ಪುಸ್ತಕದಲ್ಲಿ ಬರೆದಿಡಲಿ. ಏನು ಮಾಡಿದೆ, ಏನಾಯಿತು, ಹೇಗೆ ಸರಿಪಡಿಸಿದೆ ಎಂಬ ಇಂತಹ ಟಿಪ್ಪಣಿ ವೃತ್ತಿನಿರತ ನಿರ್ವಾಹಕರ ಮೇಜಿನ ಮೇಲೂ ಇರುತ್ತದೆ. ನಡುರಾತ್ರಿ ಕರೆ ಬಂದಾಗ ನೆನಪಿಗಿಂತ ಅದೇ ಹೆಚ್ಚು ನಂಬಿಕೆಯದು. ಕೇರಳದ ಶಾಲೆಗಳಲ್ಲಿರುವ ಲಿನಕ್ಸ್ ಕಂಪ್ಯೂಟರುಗಳಲ್ಲಿ ಲಿಬ್ರೆ ಆಫೀಸ್ ಇರುವುದರಿಂದ ಅದರ ಬೇಸ್ ಭಾಗದಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯವರಿಗೂ ಕೋಷ್ಟಕ ರಚನೆಯನ್ನು ತೋರಿಸಬಹುದು.

ಮೌಲ್ಯಮಾಪನಕ್ಕೆ ಲಿಖಿತ ಪ್ರಶ್ನೆಗಿಂತ ಒಂದು ಕೆಲಸ ಕೊಡುವುದು ಸೂಕ್ತ. ಈ ವಾರ ಶಾಲೆಯ ದಾಖಲೆಗಳ ಬ್ಯಾಕಪ್ ಯಾವ ಡಿಸ್ಕಿನಲ್ಲಿದೆ ಎಂದು ಕೇಳಿ ತಿಳಿದು, ಮುಖ್ಯೋಪಾಧ್ಯಾಯರ ಸಮ್ಮುಖದಲ್ಲಿ ಅಧ್ಯಾಪಕರು ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಲಿ. ಮಕ್ಕಳು ಮಗುವೊಂದರ ವಿವರವನ್ನೂ ನೋಡದೆ ಮೂರನ್ನಷ್ಟೇ ಗುರುತು ಹಾಕಿಕೊಳ್ಳಲಿ: ಕಡತ ತೆರೆಯಿತೇ, ಅದರ ತಾರೀಕು ಯಾವುದು, ಸಾಲುಗಳ ಸಂಖ್ಯೆ ಪ್ರವೇಶ ಪುಸ್ತಕದ ಸಂಖ್ಯೆಗೆ ಹೊಂದುತ್ತದೆಯೇ. ಹೊಂದದಿದ್ದರೆ ಎಷ್ಟು ವ್ಯತ್ಯಾಸ ಎಂದು ಬರೆದು, ತಾರೀಕು ಹಾಕಿ, ಕಂಪ್ಯೂಟರ್ ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಸಹಿ ಮಾಡಲಿ.